ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದ ಹ್ಯಾಲಿಫ್ಯಾಕ್ಸ್

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಲಂಡನ್ನಿನ ಹೆಂಡನ್ ಎಂಬಲ್ಲಿ ಬ್ರಿಟಿಷ್ ವಾಯುಪಡೆಯ ಮ್ಯೂಸಿಯಂ ಇದೆ. ಬಣ್ಣ ಹೊಡೆದು, ಒರೆಸಿ ಇಟ್ಟ ವಿಮಾನಗಳ ನಡುವೆ ಅಲ್ಲೊಂದು ಮುರುಕು ವಿಮಾನವೂ ಇದೆ. ಮೈಯೆಲ್ಲ ತುಕ್ಕು, ತೂತು. ತಗಡು ಅಲ್ಲಲ್ಲಿ ಹರಿದು ಒಳಗಿನ ಅಸ್ಥಿಪಂಜರ ಕಾಣುತ್ತದೆ. ಅದು ಎರಡನೇ ಮಹಾಯುದ್ಧದ ಹ್ಯಾಲಿಫ್ಯಾಕ್ಸ್ ಬಾಂಬರ್. ನಂಬರು ಡಬ್ಲ್ಯೂ 1048. ಅದರಲ್ಲಿ ಹಾರಿದವರ ಬಾಯಲ್ಲಿ ಅದು 'ಎಸ್ ಫಾರ್ ಶುಗರ್'. 31 ವರ್ಷ ನಾರ್ವೆಯ ಒಂದು ಸರೋವರದ ತಳದಲ್ಲಿ ಬಿದ್ದಿದ್ದ ವಿಮಾನ ಇದು. ಇದು ಅಲ್ಲಿಗೆ ಹೇಗೆ ಬಿತ್ತು, ಒಳಗಿದ್ದ ಆರು ಜನ ಏನಾದರು ಅನ್ನುವುದೇ ಇವತ್ತಿನ ಮಾತು.

ಶುರುವಿನಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ. ಪೆಟ್ಟು ತಿಂದ ವಿಮಾನವನ್ನು ಇಳಿಸಿದ ಕಥೆ ಹೇಳುವಾಗ ನಾವು ಸಾಮಾನ್ಯವಾಗಿ ಪೈಲಟ್ ಹೆಸರು ಹೇಳಿ, ವಿಮಾನ ನಿಂತ ಜಾಗಕ್ಕೆ ಕಥೆ ಮುಗಿಸುತ್ತೇವೆ. ಅದು ಅರ್ಧ ಕಥೆ ಅಷ್ಟೇ. ಇಳಿದ ಮೇಲೆ ಯಾರ ಮನೆಯ ಬಾಗಿಲು ತೆರೆಯಿತು ಅನ್ನುವುದು ಉಳಿದ ಅರ್ಧ. ನನಗೆ ಆ ಎರಡನೇ ಅರ್ಧವೇ ಜಾಸ್ತಿ ಮುಖ್ಯ.

ಮೊದಲು ಹಿನ್ನೆಲೆ. 1942ರ ಜನವರಿಯಲ್ಲಿ ಜರ್ಮನಿ ತನ್ನ ದೊಡ್ಡ ಯುದ್ಧನೌಕೆ 'ಟಿರ್ಪಿಟ್ಜ್' ಅನ್ನು, ತಾನು ಆಕ್ರಮಿಸಿಕೊಂಡಿದ್ದ ನಾರ್ವೆಗೆ ತಂದು ನಿಲ್ಲಿಸಿತು. 'ಬಿಸ್ಮಾರ್ಕ್' ಹಡಗಿನ ಜೋಡಿ ಅದು. ಉದ್ದ 250 ಮೀಟರ್, 15 ಇಂಚಿನ ಎಂಟು ದೊಡ್ಡ ಫಿರಂಗಿ. ನಿಂತಿದ್ದು ಟ್ರಾನ್‌ಹೈಮ್ ಊರಿನ ಹತ್ತಿರದ ಫೆಟ್ಟನ್ ಫಿಯೋರ್ಡ್‌ನಲ್ಲಿ. ಫಿಯೋರ್ಡ್ ಅಂದರೆ ಕಡಿದಾದ ಬೆಟ್ಟಗಳ ನಡುವೆ ಸಮುದ್ರ ಒಳಕ್ಕೆ ಚಾಚಿಕೊಂಡ ಜಾಗ. ಆ ಹಡಗು ಹೊರಟು ಬಂದು ಯಾರ ಮೇಲಾದರೂ ಗುಂಡು ಹಾರಿಸಬೇಕು ಅಂತೇನೂ ಇರಲಿಲ್ಲ. ಸುಮ್ನೆ ನಿಂತಿದ್ದರೂ ಸಾಕು, ರಷ್ಯಾಕ್ಕೆ ಸಾಮಾನು ಒಯ್ಯುವ ಹಡಗುಗಳಿಗೆ ಅದರ ಭಯ. ಅದನ್ನು ಕಾಯುತ್ತಾ ಕೂರಲು ಬ್ರಿಟನ್ ತನ್ನ ಒಳ್ಳೊಳ್ಳೆ ಯುದ್ಧನೌಕೆಗಳನ್ನು ಉತ್ತರದಲ್ಲೇ ಇಟ್ಟುಕೊಳ್ಳಬೇಕಿತ್ತು. ಅದಕ್ಕೇ ಮುಳುಗಿಸುವ ಪ್ರಯತ್ನ ಮೇಲಿಂದ ಮೇಲೆ ನಡೆಯಿತು.

ಏಪ್ರಿಲ್ 27ರ ರಾತ್ರಿಯ ಉಪಾಯ ಸ್ವಲ್ಪ ವಿಚಿತ್ರವಾದದ್ದು. ಹಡಗನ್ನು ಬೆಟ್ಟದ ಬುಡಕ್ಕೇ ಒತ್ತಿ ನಿಲ್ಲಿಸಿದ್ದರು. ದಡಕ್ಕೂ ಹಡಗಿಗೂ ನಡುವೆ ಕೆಲವೇ ಮೀಟರ್ ನೀರು. ಹಾಗಾಗಿ ಬ್ರಿಟಿಷರು ನೌಕಾದಳದ ದುಂಡನೆಯ ಮೈನ್‌ಗಳನ್ನು, ಅಂದರೆ ನೀರಿನಡಿ ಸಿಡಿಯುವ ಸ್ಫೋಟಕಗಳನ್ನು, ತಂದರು. ಒಂದೊಂದೂ ಸುಮಾರು 450 ಕೆಜಿ. ಒಂದು ವಿಮಾನಕ್ಕೆ ನಾಲ್ಕು. ಬೆಟ್ಟದ ಇಳಿಜಾರಿಗೆ ಉದುರಿಸಿದರೆ ಅವು ಉರುಳಿಕೊಂಡು ಬಂದು ನೀರಿಗೆ ಬೀಳುತ್ತವೆ, ಹಡಗಿನ ತಳದ ಕೆಳಗೆ ಹೋಗಿ ಸಿಡಿಯುತ್ತವೆ ಅನ್ನುವುದು ಲೆಕ್ಕ. ಹಡಗಿನ ಮೇಲ್ಭಾಗದ ಉಕ್ಕು ದಪ್ಪ, ತಳ ತೆಳು. ಲೆಕ್ಕವೇನೋ ಸರಿಯಾಗಿತ್ತು. ಆದರೆ ಇಳಿಜಾರಿನ ಮೇಲೆ ಸರಿಯಾದ ಜಾಗಕ್ಕೆ ಬೀಳಿಸಬೇಕಾದರೆ ವಿಮಾನ 200 ಅಡಿಗೆ ಇಳಿದು ಹೋಗಬೇಕು. 200 ಅಡಿ ಅಂದರೆ 60 ಮೀಟರ್. ನಾಲ್ಕು ಇಂಜಿನ್‌ನ, 30 ಮೀಟರ್ ಅಗಲ ರೆಕ್ಕೆಯ ವಿಮಾನ, ಎರಡೂ ಕಡೆ ಬೆಟ್ಟ, ಬೆಟ್ಟದ ಮೇಲೆಲ್ಲ ಫಿರಂಗಿ, ಕೆಳಗೆ ಹಡಗಿನದೇ ಫಿರಂಗಿ. ಹುಣ್ಣಿಮೆಗೆ ಮೂರು ದಿನ ಬಾಕಿ. ಕೆಳಗೆಲ್ಲ ಹಿಮ. ಬೆಳದಿಂಗಳಲ್ಲಿ ಪೈಲಟ್‌ಗೆ ದಾರಿ ಕಾಣುತ್ತದೆ, ನಿಜ. ಫಿರಂಗಿಯವನಿಗೂ ವಿಮಾನ ಅಷ್ಟೇ ಚೆನ್ನಾಗಿ ಕಾಣುತ್ತದೆ, ಅಲ್ವಾ?

ಆ ರಾತ್ರಿ ಸ್ಕಾಟ್ಲೆಂಡಿನ ವಿಮಾನ ನೆಲೆಗಳಿಂದ 31 ಹ್ಯಾಲಿಫ್ಯಾಕ್ಸ್, 12 ಲ್ಯಾಂಕಾಸ್ಟರ್ ಹೊರಟವು. ಕೆಲವು ಎತ್ತರದಿಂದ ದೊಡ್ಡ ಬಾಂಬ್ ಹಾಕಿ ಫಿರಂಗಿಯವರ ಗಮನ ಬೇರೆ ಕಡೆ ಸೆಳೆಯಬೇಕು. ಉಳಿದವು ಕೆಳಕ್ಕೆ ಇಳಿದು ಮೈನ್ ಹಾಕಬೇಕು. ಎಸ್ ಫಾರ್ ಶುಗರ್ ಈ ಎರಡನೇ ಗುಂಪಿನದು, 35ನೇ ಸ್ಕ್ವಾಡ್ರನ್ನಿನದು, ಅಂದರೆ ವಾಯುಪಡೆಯ 35ನೇ ತುಕಡಿಯದು. ಕಿನ್‌ಲಾಸ್ ನೆಲೆಯಿಂದ ರಾತ್ರಿ ಎಂಟೂವರೆಗೆ ಹೊರಟಿತು. ವಿಮಾನ ಹೊಚ್ಚ ಹೊಸದು. ಸ್ಕ್ವಾಡ್ರನ್ನಿಗೆ ಬಂದು ಮೂರು ವಾರವೂ ಆಗಿರಲಿಲ್ಲ.

ಒಳಗಿದ್ದ ಆರು ಜನರ ಹೆಸರು ಹೇಳುತ್ತೇನೆ. ಪೈಲಟ್ ಡಾನ್ ಮ್ಯಾಕಿಂಟೈರ್, ಕೆನಡಾದವರು. ದಾರಿ ತೋರಿಸುವ ನ್ಯಾವಿಗೇಟರ್ ಇಯನ್ ಹೆವಿಟ್. ಫ್ಲೈಟ್ ಇಂಜಿನಿಯರ್ ವಿಕ್ ಸ್ಟೀವನ್ಸ್. ಹಿಂಬದಿಯ ಗನ್ನರ್ ರಾನ್ ವಿಲ್ಸನ್. ಜೊತೆಗೆ ಡೇವ್ ಪೆರಿ, ಪಿಯರ್ ಬ್ಲಾಂಶೆ. ಪೆರಿ ಮತ್ತು ಬ್ಲಾಂಶೆ ನಡುವೆ ವೈರ್‌ಲೆಸ್ಸು ಮತ್ತು ಇನ್ನೊಂದು ಗನ್ನಿನ ಕೆಲಸ.

ಸುಮಾರು ಸಾವಿರ ಕಿಲೋಮೀಟರ್ ಸಮುದ್ರದ ಮೇಲೆ ಹಾರಿ, ಮಧ್ಯರಾತ್ರಿಯ ನಂತರ ಫಿಯೋರ್ಡ್ ತಲುಪಿದರು. ಅಷ್ಟರಲ್ಲಿ ಜರ್ಮನ್ನರು ಹೊಗೆ ಬಿಟ್ಟು ಕಣಿವೆಯನ್ನೇ ಮುಚ್ಚತೊಡಗಿದ್ದರು. ಎಸ್ ಫಾರ್ ಶುಗರ್ ಇಳಿಯಿತು, ನಾಲ್ಕೂ ಮೈನ್ ಉದುರಿಸಿತು. ಫಿರಂಗಿ ಗುಂಡು ತಗುಲಿ ಬಲ ರೆಕ್ಕೆಗೆ ಬೆಂಕಿ ಹತ್ತಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಉರಿಯುವ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಪ್ಯಾರಾಚೂಟ್ ಬಿಚ್ಚಿಕೊಳ್ಳೋಕೆ ಎತ್ತರ ಬೇಕು. 200 ಅಡಿಯಿಂದ ಹಾರಿದರೆ ಬಟ್ಟೆ ಬಿಚ್ಚುವ ಮೊದಲೇ ಮನುಷ್ಯ ನೆಲದಲ್ಲಿರುತ್ತಾನೆ. ಎತ್ತರಕ್ಕೆ ಏರೋಣ ಅಂದರೆ ಇಂಜಿನ್ನುಗಳಲ್ಲಿ ಪೂರ್ತಿ ಶಕ್ತಿ ಬೇಕು, ಸಮಯ ಬೇಕು. ಬೆಂಕಿ ಸಮಯ ಕೊಡುವುದಿಲ್ಲ. ಹ್ಯಾಲಿಫ್ಯಾಕ್ಸ್‌ನ ಪೆಟ್ರೋಲ್ ಟ್ಯಾಂಕ್‌ಗಳೆಲ್ಲ ರೆಕ್ಕೆಯೊಳಗೇ ಇರುವುದು. ರೆಕ್ಕೆಯ ಒಳಗಿನ ಉದ್ದನೆಯ ತೊಲೆ ಕಾದು ಮೆತ್ತಗಾದರೆ ರೆಕ್ಕೆಯೇ ಮುರಿದು ಬೀಳುತ್ತದೆ. ಅದೇ ರಾತ್ರಿ 10ನೇ ಸ್ಕ್ವಾಡ್ರನ್ನಿನ ಕಮಾಂಡರ್ ಡಾನ್ ಬೆನೆಟ್ ಅವರ ಹ್ಯಾಲಿಫ್ಯಾಕ್ಸ್‌ಗೂ ಬೆಂಕಿ ಹತ್ತಿತ್ತು. ಅವರು ಹೇಗೋ ಮಾಡಿ ಪ್ಯಾರಾಚೂಟ್‌ನಲ್ಲಿ ಹಾರಿ, ಹಿಮದಲ್ಲಿ ನಡೆದು ಸ್ವೀಡನ್ ಸೇರಿದರು. ಕೆಲವೇ ತಿಂಗಳಲ್ಲಿ ಉಳಿದ ಬಾಂಬರ್‌ಗಳಿಗೆ ಗುರಿ ತೋರಿಸುವ ವಾಯುಪಡೆಯ ಪ್ರಸಿದ್ಧ ಪಾತ್‌ಫೈಂಡರ್ ದಳ ಕಟ್ಟಿದವರು ಇವರೇ.

ಮ್ಯಾಕಿಂಟೈರ್ ಅವರ ಮುಂದೆ ಉಳಿದಿದ್ದು ಎಲ್ಲಾದರೂ ಇಳಿಸುವುದೊಂದೇ. ಆದರೆ ಆ ಸೀಮೆ ಎಂಥದ್ದು? ಬೆಟ್ಟ, ಪೈನ್ ಕಾಡು, ಕಣಿವೆ. ಮರಗಳ ಮೇಲೆ ಇಳಿಸಿದರೆ ಚೂರಾಗುತ್ತದೆ. ಫಿಯೋರ್ಡ್ ನೀರಿಗೆ ಇಳಿಸಿದರೆ ಚಳಿಯೇ ಕೊಲ್ಲುತ್ತದೆ. ಫಿಯೋರ್ಡ್‌ನಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಹೋಕ್ಲಿಂಗನ್ ಎಂಬ ಸರೋವರ. ಏಪ್ರಿಲ್ ಕೊನೆ ಆಗಿದ್ದರೂ ಅದರ ಮೇಲೆ ಇನ್ನೂ ಮಂಜುಗಡ್ಡೆ ಇತ್ತು. ಸುತ್ತಲಿನ ಕಾಡಿನ ನಡುವೆ ಸಪಾಟಾಗಿ, ಬೆಳ್ಳಗೆ ಇದ್ದ ಜಾಗ ಅದೊಂದೇ.

ಹೊಟ್ಟೆಯ ಮೇಲೆ ವಿಮಾನ ಇಳಿಸುವುದು ಅಂದರೆ ಏನು ಅಂತ ಹೇಳಬೇಕು. ಚಕ್ರ ಕೆಳಗೆ ಬಿಟ್ಟರೆ ಅದು ಹಿಮದಲ್ಲೋ ಬಿರುಕಿನಲ್ಲೋ ಸಿಕ್ಕಿಕೊಂಡು ವಿಮಾನ ಮೂತಿ ಮುಂದಾಗಿ ಮಗುಚುತ್ತದೆ. ಹಾಗಾಗಿ ಚಕ್ರ ಮೇಲೆಯೇ ಇಟ್ಟು, ಮೈ ಉಜ್ಜಿಕೊಂಡು ಹೋಗುವಂತೆ ಇಳಿಸಬೇಕು. ವೇಗ ಆದಷ್ಟು ಕಡಿಮೆ ಮಾಡಬೇಕು. ತೀರಾ ಕಡಿಮೆಯಾದರೆ ರೆಕ್ಕೆ ಎತ್ತುವುದನ್ನೇ ನಿಲ್ಲಿಸುತ್ತದೆ, ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಬಲ ರೆಕ್ಕೆ ಉರಿಯುತ್ತಿರುವಾಗ ಎರಡು ರೆಕ್ಕೆಗೂ ಒಂದೇ ಸಮ ಬಲ ಇರುವುದಿಲ್ಲ. ಒಂದು ಕಡೆ ವಾಲುತ್ತದೆ. ವಾಲಿದ ರೆಕ್ಕೆಯ ತುದಿ ಮಂಜಿಗೆ ತಗುಲಿದರೆ ವಿಮಾನ ಬುಗುರಿ ಸುತ್ತಿದ ಹಾಗೆ ಸುತ್ತುತ್ತದೆ. ಖಾಲಿ ಇದ್ದಾಗಲೇ 15 ಟನ್ ತೂಕದ ವಿಮಾನ, ಗಂಟೆಗೆ 150 ಕಿಲೋಮೀಟರ್‌ಗೂ ಜಾಸ್ತಿ ವೇಗ, ಕೆಳಗಿನ ಮಂಜು ಎಷ್ಟು ದಪ್ಪ ಅಂತ ಯಾರಿಗೂ ಗೊತ್ತಿಲ್ಲ. ಎರಡನೇ ಸಲ ಸುತ್ತಿ ಬಂದು ನೋಡುವ ಅವಕಾಶವೂ ಇಲ್ಲ.

ಈ ಹೊತ್ತಿನಲ್ಲಿ ಪೈಲಟ್ ಒಬ್ಬರೇ ಕೆಲಸ ಮಾಡುತ್ತಿರುವುದಿಲ್ಲ. ಅಂಥ ವಿಮಾನಗಳಲ್ಲಿ ಇಂಜಿನ್ನುಗಳನ್ನೂ ಪೆಟ್ರೋಲನ್ನೂ ನೋಡಿಕೊಳ್ಳುವುದು ಫ್ಲೈಟ್ ಇಂಜಿನಿಯರ್ ಹೊಣೆ. ಯಾವ ಟ್ಯಾಂಕಿನಿಂದ ಯಾವ ಇಂಜಿನ್‌ಗೆ ಪೆಟ್ರೋಲ್ ಹೋಗಬೇಕು, ಯಾವುದನ್ನು ಮುಚ್ಚಬೇಕು, ಹಾಳಾದ ಇಂಜಿನ್ನಿನ ಪಂಖದ ಎಲೆಗಳನ್ನು ಗಾಳಿಗೆ ಅಡ್ಡ ಬರದಂತೆ ಹೇಗೆ ತಿರುಗಿಸಬೇಕು, ಇದೆಲ್ಲ ಅವರ ಕೈಯಲ್ಲಿ. ಉಳಿದವರು ಗಟ್ಟಿ ತೊಲೆಗೆ ಬೆನ್ನು ಕೊಟ್ಟು, ತಲೆಯ ಹಿಂದೆ ಕೈ ಕಟ್ಟಿ ಕೂರಬೇಕು ಅಂತ ಅಭ್ಯಾಸ ಮಾಡಿಸಿರುತ್ತಾರೆ. ಹಾಗೆ ಕೂತು ಕಾಯುವುದೂ ಒಂದು ಕೆಲಸವೇ. ಏನೂ ಕಾಣುವುದಿಲ್ಲ, ಏನೂ ಮಾಡುವಂತಿಲ್ಲ.

ಎಸ್ ಫಾರ್ ಶುಗರ್ ಹೋಕ್ಲಿಂಗನ್ ಮಂಜಿನ ಮೇಲೆ ಇಳಿಯಿತು, ಜಾರಿತು, ನಿಂತಿತು. ಮಂಜು ತಡೆಯಿತು. ಆರೂ ಜನ ಜೀವಂತ ಹೊರಗೆ ಬಂದರು. ಪೆಟ್ಟಾಗಿದ್ದು ವಿಕ್ ಸ್ಟೀವನ್ಸ್ ಒಬ್ಬರಿಗೇ. ಪಾದದ ಗಂಟಿನ ಮೂಳೆ ಮುರಿದಿತ್ತು.

ಅಷ್ಟು ದೊಡ್ಡ ಅಪಾಯದಲ್ಲಿ ಒಂದು ಕಾಲು ಮುರಿದಿದ್ದು ಏನು ದೊಡ್ಡದು ಅಂತ ಅನ್ನಿಸುತ್ತದೆ. ಆದರೆ ಅವರು ಇದ್ದಿದ್ದು ಶತ್ರುವಿನ ಕೈಯಲ್ಲಿದ್ದ ದೇಶದಲ್ಲಿ. ಜರ್ಮನ್ ಸೈನಿಕರು ಹುಡುಕುತ್ತಾ ಬರುವುದು ಖಚಿತ. ಬದುಕುವ ದಾರಿ ಪೂರ್ವಕ್ಕೆ, ಯುದ್ಧದಲ್ಲಿ ಸೇರದ ಸ್ವೀಡನ್‌ಗೆ. ಗಡಿವರೆಗೂ ಹಿಮ ಹೊದ್ದ ಬೆಟ್ಟಗಳು. ಅಲ್ಲಿಗೆ ನಡೆದೇ ಹೋಗಬೇಕು. ನಡೆಯಲಾಗದ ಸ್ಟೀವನ್ಸ್ ಅವರನ್ನು ಬಿಟ್ಟು ಹೋಗುವುದು ಅನಿವಾರ್ಯವಾಯಿತು. ಅವರು ಜರ್ಮನ್ನರ ಕೈಗೆ ಸಿಕ್ಕಿ ಯುದ್ಧ ಕೈದಿಯಾದರು. ಉಳಿದ ಐವರೂ ಸ್ವೀಡನ್ ಮುಟ್ಟಿದರು, ಅಲ್ಲಿಂದ ಬ್ರಿಟನ್‌ಗೆ ಮರಳಿದರು. ಎಲ್ಲರನ್ನೂ ಇಳಿಸಿ ಉಳಿಸಿದ ಆ ಘಳಿಗೆಯಲ್ಲಿ ಸ್ಟೀವನ್ಸ್ ಅವರ ಪಾಲೂ ಇತ್ತು. ಮನೆಗೆ ಹೋಗುವ ದಾರಿ ಮಾತ್ರ ಅವರೊಬ್ಬರಿಗೆ ಮುಚ್ಚಿತು. ಈ ಕಥೆಯಲ್ಲಿ ನನಗೆ ತುಂಬಾ ಸಂಕಟವಾಗುವ ಜಾಗ ಇದು.

ಈಗ ಆ ಬಾಗಿಲುಗಳ ವಿಷಯಕ್ಕೆ ಬರುತ್ತೇನೆ. ಐವರು ಹಾರಾಟದ ಬಟ್ಟೆಯಲ್ಲಿದ್ದರು. ಭಾಷೆ ಬಾರದು, ಊರು ಗೊತ್ತಿಲ್ಲ. ದಾರಿಯಲ್ಲಿ ನಾರ್ವೆಯ ರೈತರ ಮನೆಗಳಲ್ಲಿ ಅವರಿಗೆ ನೆರವು ಸಿಕ್ಕಿತು. ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಆ ನೆರವಿಗೆ ಆಗ ಎಷ್ಟು ಬೆಲೆ ಇತ್ತು ಅಂತ ನೋಡಿ. ಎಸ್ ಫಾರ್ ಶುಗರ್ ಇಳಿದಿದ್ದು ಏಪ್ರಿಲ್ 28ರ ಬೆಳಗಿನ ಜಾವ. ಅದಕ್ಕೆ ಎರಡು ದಿನ ಮುಂಚೆ, 26ರಂದು, ನಾರ್ವೆಯ ಪಶ್ಚಿಮ ಕರಾವಳಿಯ ಟೆಲವೋಗ್ ಎಂಬ ಮೀನುಗಾರರ ಹಳ್ಳಿಯಲ್ಲಿ, ಬ್ರಿಟನ್‌ನಿಂದ ಗುಟ್ಟಾಗಿ ಬಂದಿದ್ದ ಇಬ್ಬರು ನಾರ್ವೆ ಸೈನಿಕರಿಗೆ ಆಶ್ರಯ ಕೊಟ್ಟ ಮನೆಗೆ ಜರ್ಮನಿಯ ಗುಪ್ತ ಪೊಲೀಸ್ ದಳ ಗೆಸ್ಟಾಪೊ ನುಗ್ಗಿತು. ಗುಂಡಿನ ಚಕಮಕಿಯಲ್ಲಿ ಇಬ್ಬರು ಗೆಸ್ಟಾಪೊ ಅಧಿಕಾರಿಗಳು ಸತ್ತರು. 30ರಂದು ಸೇಡು ತೀರಿಸಿಕೊಂಡರು. ಹಳ್ಳಿಯ ಮನೆಗಳನ್ನೆಲ್ಲ ನೆಲಸಮ ಮಾಡಿದರು, ದೋಣಿಗಳನ್ನು ಹಾಳುಮಾಡಿದರು, ಗಂಡಸರನ್ನು ಜರ್ಮನಿಯ ಸಾಕ್ಸನ್‌ಹೌಸನ್ ಯಾತನಾ ಶಿಬಿರಕ್ಕೆ ಸಾಗಿಸಿದರು. ಅವರಲ್ಲಿ 31 ಜನ ಅಲ್ಲೇ ಸತ್ತರು. ಹೆಂಗಸರು, ಮಕ್ಕಳನ್ನೂ ಬಂಧನದಲ್ಲಿಟ್ಟರು.

ಅಂದರೆ ಅದೇ ವಾರ. ಒಂದು ಕಡೆ ಇಬ್ಬರಿಗೆ ಜಾಗ ಕೊಟ್ಟ ತಪ್ಪಿಗೆ ಇಡೀ ಹಳ್ಳಿ ಸುಡುತ್ತಿತ್ತು. ಇನ್ನೊಂದು ಕಡೆ, ಟ್ರಾನ್‌ಹೈಮ್ ಸೀಮೆಯಲ್ಲಿ, ಜನ ಬ್ರಿಟಿಷ್ ವಿಮಾನದವರಿಗೆ ನೆರವಾಗುತ್ತಿದ್ದರು. ಆ ವರ್ಷ ಅಕ್ಟೋಬರ್‌ನಲ್ಲಿ ಟ್ರಾನ್‌ಹೈಮ್ ಸೀಮೆಯಲ್ಲೇ ಜರ್ಮನ್ನರು ತುರ್ತು ಕಾನೂನು ಹೇರಿ 34 ನಾರ್ವೆಯವರನ್ನು ಗುಂಡಿಟ್ಟು ಕೊಂದರು. ಬಾಗಿಲು ತೆರೆದವರಿಗೆ ಪದಕ ಸಿಗುತ್ತದೆ ಅಂತಿರಲಿಲ್ಲ. ಬಂದವರು ಯಾರೋ, ನಿಜವಾಗಿ ಬ್ರಿಟಿಷರೋ, ಪರೀಕ್ಷೆ ಮಾಡಲು ಬಂದ ಜರ್ಮನ್ನರೋ ಅಂತಲೂ ತಿಳಿಯದು. ಆದರೂ ತೆರೆದರು. ಮ್ಯಾಕಿಂಟೈರ್ ಅವರ ಕೈಚಳಕವನ್ನು ನಾನು ಕಡಿಮೆ ಮಾಡುತ್ತಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ, ವಿಮಾನ ಉರಿಯುತ್ತಿತ್ತು. ಆ ಮನೆಯವರಿಗೆ ಬೇರೆ ದಾರಿ ಇತ್ತು. ಬಾಗಿಲು ಹಾಕಿಕೊಂಡು ಮಲಗಬಹುದಿತ್ತು.

ಇತ್ತ ವಿಮಾನ ಮಂಜಿನ ಮೇಲೆ ಉರಿಯುತ್ತಾ ಕೂತಿತ್ತು. ಶಾಖಕ್ಕೆ ಮಂಜು ಕರಗಿ, ಸುಮಾರು 12 ಗಂಟೆಯ ನಂತರ ಒಡೆದು, ವಿಮಾನ ಒಳಗೆ ಹೋಯಿತು. 27 ಮೀಟರ್ ಆಳ. 1971ರಲ್ಲಿ ಅಲ್ಲಿನ ಹವ್ಯಾಸಿ ಮುಳುಗುಗಾರರು ಅದನ್ನು ಪತ್ತೆ ಮಾಡಿದರು. 1973ರ ಜೂನ್ ಕೊನೆಯಲ್ಲಿ ಬ್ರಿಟಿಷ್ ವಾಯುಪಡೆಯ ಮುಳುಗುಗಾರರೂ ಅವರೂ ಸೇರಿ ತೇಲಿಸಿ ದಡಕ್ಕೆ ಎಳೆದರು. ಉಪ್ಪಿಲ್ಲದ, ತಣ್ಣನೆಯ ನೀರಾದ್ದರಿಂದ ಅಷ್ಟು ವರ್ಷವಾದರೂ ಕೊಳೆತು ಹೋಗಿರಲಿಲ್ಲ. ಸಮುದ್ರದಲ್ಲಿ ಬಿದ್ದಿದ್ದರೆ ಅಲ್ಯೂಮಿನಿಯಂ ಯಾವತ್ತೋ ಪುಡಿಯಾಗುತ್ತಿತ್ತು.

ನಾರ್ವೆಯ ಇನ್ನೊಂದು ಸರೋವರದಿಂದಲೂ ಒಂದು ಹ್ಯಾಲಿಫ್ಯಾಕ್ಸ್ ಮೇಲೆ ಬಂದಿದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ನಂಬರು ಎನ್‌ಎ 337. ಮೂರು ವರ್ಷದ ನಂತರ, 1945ರ ಏಪ್ರಿಲ್ 24ರ ಮುಂಜಾವು. ನಾರ್ವೆಯ ಪ್ರತಿರೋಧ ಪಡೆಗೆ ಪ್ಯಾರಾಚೂಟ್‌ನಲ್ಲಿ ಸಾಮಾನು ಇಳಿಸಿ ವಾಪಸ್ ಹೋಗುವಾಗ ಗುಂಡು ತಗುಲಿ, ಮ್ಯೋಸಾ ಎಂಬ ದೊಡ್ಡ ಸರೋವರದ ಮೇಲೆ ಇಳಿಯಿತು. ತಿಂಗಳು ಅದೇ ಏಪ್ರಿಲ್. ವಿಮಾನ ಅದೇ ಜಾತಿ. ಜನವೂ ಆರೇ. ಆದರೆ ಕೆಳಗೆ ಮಂಜುಗಡ್ಡೆ ಇರಲಿಲ್ಲ, ನೀರಿತ್ತು. ಐದು ಜನ ಆ ಚಳಿ ನೀರಿನಲ್ಲಿ ಸತ್ತರು. ಬದುಕಿದ್ದು ಹಿಂಬದಿಯ ಗನ್ನರ್ ಥಾಮಸ್ ವೈಟ್‌ಮನ್ ಒಬ್ಬರೇ. ಯುರೋಪಿನಲ್ಲಿ ಯುದ್ಧ ಮುಗಿಯಲು ಎರಡು ವಾರ ಬಾಕಿ ಇತ್ತು. ಆ ವಿಮಾನವನ್ನು 1995ರಲ್ಲಿ ಇನ್ನೂರು ಮೀಟರ್‌ಗೂ ಜಾಸ್ತಿ ಆಳದಿಂದ ಎತ್ತಿ, ವರ್ಷಗಟ್ಟಲೆ ರಿಪೇರಿ ಮಾಡಿ, ಕೆನಡಾದ ಟ್ರೆಂಟನ್‌ನಲ್ಲಿ ಹೊಸದರ ಹಾಗೆ ನಿಲ್ಲಿಸಿದ್ದಾರೆ.

ಮಾಡಿದ್ದು ಆರು ಸಾವಿರಕ್ಕೂ ಹೆಚ್ಚು ಹ್ಯಾಲಿಫ್ಯಾಕ್ಸ್. ಇವತ್ತು ನೋಡಲು ಸಿಗುವುದು ಮೂರು. ಮೂರನೆಯದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿದೆ. ಬೇರೆ ಬೇರೆ ವಿಮಾನಗಳ ತುಂಡು ಸೇರಿಸಿ ಕಟ್ಟಿದ್ದು. ಅದರ ಮೈಯ ಒಂದು ಭಾಗ ಸ್ಕಾಟ್ಲೆಂಡಿನ ದ್ವೀಪವೊಂದರಲ್ಲಿ ಕೋಳಿಗೂಡಾಗಿತ್ತು.

ಹೆಂಡನ್‌ನಲ್ಲಿ ಎಸ್ ಫಾರ್ ಶುಗರ್ ಅನ್ನು ಮಾತ್ರ ಬಹುಪಾಲು ಸರೋವರದಿಂದ ಬಂದ ಹಾಗೇ ಬಿಟ್ಟಿದ್ದಾರೆ. ಇದು ಸರಿಯಾ ಅಂತ ವಿಮಾನಪ್ರಿಯರಲ್ಲಿ ವಾದ ಇದೆ. ನನ್ನ ಅಭಿಪ್ರಾಯ ಸ್ಪಷ್ಟ. ಬಿಟ್ಟಿದ್ದೇ ಸರಿ. ಹೊಸ ತಗಡು ಹೊದಿಸಿದರೆ ಅದು ಹ್ಯಾಲಿಫ್ಯಾಕ್ಸ್ ಹೇಗಿತ್ತು ಅಂತ ತೋರಿಸುತ್ತದೆ. ಅದಕ್ಕೆ ಉಳಿದೆರಡು ಇವೆ. ಈ ಹರಿದ ಮೈ ಆ ರಾತ್ರಿ ಏನಾಯಿತು ಅಂತ ತೋರಿಸುತ್ತದೆ. ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000 ಜನ. ಸತ್ತವರು 55,573. ಹತ್ತರಲ್ಲಿ ನಾಲ್ಕಕ್ಕಿಂತ ಜಾಸ್ತಿ. ಅವರ ಬಾಂಬುಗಳಿಗೆ ಕೆಳಗಿನ ಊರುಗಳಲ್ಲಿ ಸತ್ತವರು ಇನ್ನೂ ಎಷ್ಟೋ ಪಟ್ಟು. ಇಷ್ಟನ್ನು ಬಣ್ಣ ಹೊಡೆದ ವಿಮಾನದ ಮುಂದೆ ನಿಂತು ಯೋಚಿಸುವುದು ಕಷ್ಟ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಅಷ್ಟು ಕಷ್ಟಪಟ್ಟರಲ್ಲ, ಹಡಗಿಗೆ ಏಟು ಬಿತ್ತಾ?

ಇಲ್ಲ. ಆ ರಾತ್ರಿ ಐದು ವಿಮಾನ ಕಳೆದುಕೊಂಡರು, ಹಡಗಿಗೆ ಒಂದು ಗೀರೂ ಆಗಲಿಲ್ಲ. ಮರುದಿನ ರಾತ್ರಿ ಮತ್ತೆ ಹೋದರು, ಇನ್ನೆರಡು ವಿಮಾನ ಕಳೆದುಕೊಂಡರು. ಆಗಲೂ ಏನೂ ಆಗಲಿಲ್ಲ. ಟಿರ್ಪಿಟ್ಜ್ ಮುಳುಗಿದ್ದು 1944ರ ನವೆಂಬರ್ 12ರಂದು, ಇನ್ನೂ ಉತ್ತರದ ಟ್ರಾಮ್ಸೊ ಹತ್ತಿರ. ಲ್ಯಾಂಕಾಸ್ಟರ್‌ಗಳು ಐದು ಟನ್‌ಗೂ ಹೆಚ್ಚು ತೂಕದ ಟಾಲ್‌ಬಾಯ್ ಬಾಂಬ್‌ಗಳನ್ನು ಎತ್ತರದಿಂದ ಹಾಕಿದವು. ಹಡಗು ಮಗುಚಿತು. ಒಳಗೆ ಸಿಕ್ಕಿಕೊಂಡು ಸುಮಾರು ಸಾವಿರ ಜರ್ಮನ್ ನಾವಿಕರು ಸತ್ತರು. ಅವರೂ ಹೆಚ್ಚಿನವರು ಹುಡುಗರೇ.

ಇನ್ನೊಬ್ಬರ ಪ್ರಶ್ನೆ: ಇಂಥ ಬಾಂಬರ್‌ಗಳಿಗೂ ನಮ್ಮ ಬೆಂಗಳೂರಿಗೂ ಏನಾದರೂ ನಂಟು ಇದೆಯಾ?

ಈ ಹ್ಯಾಲಿಫ್ಯಾಕ್ಸ್‌ಗೆ ಇಲ್ಲ. ಆದರೆ ಅದೇ ಮ್ಯೂಸಿಯಂನಲ್ಲಿರುವ ಇನ್ನೊಂದು ಬಾಂಬರ್‌ಗೆ ಇದೆ. ಯುದ್ಧ ಮುಗಿದಾಗ ಬ್ರಿಟಿಷರು ಅಮೆರಿಕದಿಂದ ಪಡೆದಿದ್ದ ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಗುಂಪು ಹಾಕಿ, ಮತ್ತೆ ಹಾರದ ಹಾಗೆ ಹಾಳುಗೆಡವಿ ಬಿಟ್ಟುಹೋದರು. ಅಮೆರಿಕದ ಜೊತೆಗಿನ ಒಪ್ಪಂದ ಹಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್ ಬೇಕಾಯಿತು. ಆಗ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇವತ್ತಿನ ಎಚ್‌ಎಎಲ್, ಆ ಗುಜರಿಗೇ ಕೈ ಹಾಕಿತು. ಹಾರಬಲ್ಲಷ್ಟು ಮಾತ್ರ ರಿಪೇರಿ ಮಾಡಿ, ಕಂಪನಿಯ ಟೆಸ್ಟ್ ಪೈಲಟ್ ಜಮ್‌ಶೇದ್ ಮುನ್ಶಿ ಅವನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಸರಿ ಮಾಡಿದರು. 1948ರ ನವೆಂಬರ್‌ನಿಂದ ಅವು ನಮ್ಮ ವಾಯುಪಡೆಯಲ್ಲಿ ಹಾರಿದವು, 1960ರ ದಶಕದ ಕೊನೆಯವರೆಗೂ ಇದ್ದವು. ಬೇರೆ ದೇಶದ ವಾಯುಪಡೆಗಳು ಇವನ್ನು ಯಾವತ್ತೋ ಗುಜರಿಗೆ ಹಾಕಿದ್ದವು. ಹಾಗಾಗಿ ಇವತ್ತು ಜಗತ್ತಿನ ಮ್ಯೂಸಿಯಂಗಳಲ್ಲಿ ಉಳಿದಿರುವ ಲಿಬರೇಟರ್‌ಗಳಲ್ಲಿ ಹಲವು ಭಾರತದಿಂದ ಹೋದವು. ಹೆಂಡನ್‌ನಲ್ಲಿರುವ ಕೆಎನ್ 751 ಅವುಗಳಲ್ಲಿ ಒಂದು, 1974ರಲ್ಲಿ ಇಲ್ಲಿಂದ ಹಾರಿಕೊಂಡೇ ಹೋಗಿದ್ದು. ನಿಮ್ಮಲ್ಲಿ ಯಾರದಾದರೂ ತಾತನೋ ದೊಡ್ಡಪ್ಪನೋ ಆ ಕಾಲದಲ್ಲಿ ಎಚ್‌ಎಎಲ್‌ನಲ್ಲಿ ರಿವೆಟ್ ಹೊಡೆಯುತ್ತಿದ್ದರೆ ಮನೆಯಲ್ಲಿ ವಿಚಾರಿಸಿ ನೋಡಿ.

ಮಕ್ಕಳು ಲಂಡನ್‌ನಲ್ಲಿದ್ದಾರೆ, ಬೇಸಿಗೆಗೆ ಹೋಗುತ್ತೇವೆ ಅನ್ನುವವರಿಗೆ: ನಾರ್ದರ್ನ್ ಲೈನ್ ಟ್ಯೂಬ್ ರೈಲಿನಲ್ಲಿ ಕೊಲಿಂಡೇಲ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ನಡೆದುಕೊಂಡು ಹೋಗುವಷ್ಟು ದೂರ. ಮ್ಯೂಸಿಯಂಗೆ ಟಿಕೆಟ್ ಇಲ್ಲ. ಹ್ಯಾಲಿಫ್ಯಾಕ್ಸ್, ಲಿಬರೇಟರ್ ಎರಡನ್ನೂ ನೋಡಿ ಬನ್ನಿ.